ಬರಿಗೈ ತೋರಿಸಿದ ಅಕ್ಕೋರು

ಮರದ ಮೆಟ್ಟಿಲು ಕಿರ್ರೆಂದರೆ ಸಾಕು, ನನ್ನ ಬೆನ್ನು ತಾನಾಗಿಯೇ ಗೋಡೆಗೆ ಅಂಟಿಕೊಳ್ಳುತ್ತದೆ. ನಮ್ಮ ಕಾಲೇಜಿನ ಗ್ರಂಥಾಲಯ ಮಹಡಿಯ ಮೇಲಿತ್ತು. ಕೊನೆಯ ವರ್ಷದ ಪರೀಕ್ಷೆಗೆ ಬೇಕಾದ ಪುಸ್ತಕಗಳನ್ನೆಲ್ಲ ನಾನು ಗೆಳತಿಯರ ಕೈಯಲ್ಲಿ ಕೆಳಗೆ ತರಿಸಿಕೊಂಡು ಓದಿದೆ. ತರ್ಕಶಾಸ್ತ್ರ ತೆಗೆದುಕೊಂಡು ಬಿ.ಎ. ಮುಗಿಸಿದವಳು ನಾನು. ಆ ದಿನ ಮೆಟ್ಟಿಲು ಕುಸಿಯಲಿಲ್ಲ, ಯಾರೂ ಸಾಯಲಿಲ್ಲ, ನನ್ನ ಅತ್ತಿಗೆ ವೈನಿ ಚೆನ್ನಾಗಿದ್ದಾಳೆ ಎಂದು ನನ್ನೊಡನೆ ನಾನೇ ವಾದ ಹೂಡಿ ಪ್ರತಿ ಸಲ ಗೆಲ್ಲುತ್ತೇನೆ. ಆದರೆ ಆ ಗೆಲುವು ಬೆನ್ನಿಗೆ ತಿಳಿಯುವುದಿಲ್ಲ.

ಹೋದ ವಾರ ಧಾರವಾಡದಿಂದ ಬಂದ ನೆಂಟರು, ಕೆಲಸ ಬಿಟ್ಟು ಅಲ್ಲಿಗೇ ಮರಳಿದ್ದ ಅಕ್ಕೋರು ತೀರಿಕೊಂಡರೆಂದು ಹೇಳಿದರು. ಜ್ವರ ಬಂದು ಕೆಲವು ದಿನ ನರಳಿದರಂತೆ. ಯೋಗ ಮಾಡುವವರು ಪದ್ಮಾಸನ ಹಾಕಿ ಕೂತಲ್ಲೇ ಹೋಗುತ್ತಾರೆಂಬ ಕಥೆಯನ್ನು ಜನ ಹೇಳುತ್ತಾರೆ. ಅಕ್ಕೋರ ಪಾಲಿಗೆ ಅಂಥದ್ದೇನೂ ಬರಲಿಲ್ಲ. ಅವರು ಆ ಕಥೆಯನ್ನು ನಂಬುತ್ತಲೂ ಇರಲಿಲ್ಲ.

ನಮ್ಮ ಧಾರವಾಡದ ಕಡೆ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವವರಿಗೆ ಅಕ್ಕೋರು ಎನ್ನುತ್ತಾರೆ. ನಮ್ಮ ಅಕ್ಕೋರು ಪುಣೆಗೆ ಬಂದು ಒಂದು ಹುಡುಗಿಯರ ಶಾಲೆಯಲ್ಲಿ ಡ್ರಿಲ್ಲು, ಹೊಲಿಗೆ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಸದಾಶಿವ ಪೇಠದಲ್ಲಿ ನಾವಿದ್ದ, ಹಲವು ಬಿಡಾರಗಳ ವಾಡೆಯ ಮುಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ನಾವೆಂದರೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಣ್ಣ, ಅವನ ಹೆಂಡತಿ ವೈನಿ ಮತ್ತು ಓದಲು ಬಂದ ನಾನು. ಹೊರಗೆ ಮರಾಠಿ, ಒಳಗೆ ಕನ್ನಡ. ಅಕ್ಕೋರ ಕೋಣೆಯೂ ನಮಗೆ ಒಳಗೇ.

ಬೆಳಿಗ್ಗೆ ನಳದ ನೀರು ಬರುವುದಕ್ಕೆ ಮೊದಲು ವಾಡೆಯ ಹಿಂದಿನ ಪಡಸಾಲೆಯಲ್ಲಿ ಅವರು ಹೆಂಗಸರಿಗೆ ಆಸನ ಕಲಿಸುತ್ತಿದ್ದರು. ಎಲ್ಲರದೂ ಕಚ್ಚೆ ಸೀರೆ. ಅದನ್ನು ಉಟ್ಟು ಕಾಲು ಚಾಚಲು, ಮಡಿಸಲು ಯಾವ ತೊಡಕೂ ಇಲ್ಲ ಎಂಬುದು ಅವರ ಹೆಮ್ಮೆ. "ಗಂಡಸರ ಧೋತರ ಜಾರ್ತದ, ನಮ್ಮದು ಜಾರೂದಿಲ್ಲ. ಹಿಂಗಾಗಿ ಈ ವಿದ್ಯಾ ನಮ್ಮ ಸಲುವಾಗೇ ಹುಟ್ಟ್ಯದ," ಎನ್ನುತ್ತಿದ್ದರು. ಹೊಸದಾಗಿ ಬಂದವರು ಯಾರಾದರೂ ಶೀರ್ಷಾಸನ ಯಾವಾಗ ಹೇಳಿಕೊಡುತ್ತೀರಿ ಎಂದು ಕೇಳಿದರೆ ಅಕ್ಕೋರಿಗೆ ನಗು ಬರುತ್ತಿತ್ತು.

"ಆಸನ ಅಂದ್ರ ಯೋಗದ ಮೂರನೇ ಮೆಟ್ಟಲಾ ನಮ್ಮವ್ವ. ಅದರ ಕೆಳಗ ಇನ್ನೂ ಎರಡು ಅವ. ಕದೀಬಾರದು, ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬಾರದು ಅನ್ನೂದು ಅಲ್ಲೇ ಅದ. ಎಲ್ಲಾರೂ ಜಿಗದು ಮೂರನೇದಕ್ಕ ಬಂದು ನಿಂತು, ತಲಿ ಕೆಳಗ ಮಾಡ್ರಿ ಅಂತಾರ!"

ಆ ಕೆಳಗಿನ ಮೆಟ್ಟಿಲುಗಳನ್ನು ಅವರು ಕಲಿಸಿದ್ದು ಪಡಸಾಲೆಯಲ್ಲಲ್ಲ, ಮಂಡಯಿಯಲ್ಲಿ. ಆ ಕಾಯಿಪಲ್ಲೆ ಪೇಟೆಗೆ ಅವರ ಜೊತೆ ಹೋಗುವುದೆಂದರೆ ಮೊದಮೊದಲು ನನಗೆ ನಾಚಿಕೆ. ಬದನೆಕಾಯಿ ಕೈಗೆ ತೆಗೆದುಕೊಳ್ಳುವರು, ಉಸಿರನ್ನು ನಿಧಾನವಾಗಿ ಪೂರ್ತಿ ಹೊರಗೆ ಬಿಡುವರು, ಮತ್ತೆ ಒಳಗೆ ಎಳೆಯುವ ಮೊದಲು ಒಂದಿಷ್ಟು ಹೊತ್ತು ಹಾಗೇ ನಿಲ್ಲುವರು. ಆಮೇಲೆ ತಗೊಳ್ಳುವುದೋ ಬಿಡುವುದೋ. ಮಾರುವಾಕೆಗೆ ಇದು ದಿನದ ತಮಾಷೆ. "ಬಘಾ ಬಘಾ, ಬಾಯೀಂಚೀ ಸಮಾಧೀ ಲಾಗಲೀ!" ಎಂದು ಪಕ್ಕದವಳನ್ನು ಕರೆದು ತೋರಿಸುತ್ತಿದ್ದಳು: ನೋಡು ನೋಡು, ಬಾಯಿಯವರಿಗೆ ಸಮಾಧಿ ಹತ್ತಿತು! ಮರಾಠಿಯವರು ಗೌರವದ ಹೆಂಗಸರನ್ನು ಬಾಯಿ ಎಂದೇ ಕರೆಯುತ್ತಾರೆ. ಅಕ್ಕೋರು ಅವಳ ಜೊತೆ ತಾವೂ ನಗುತ್ತಿದ್ದರು, ಉಸಿರು ಮಾತ್ರ ಅವಸರ ಮಾಡುತ್ತಿರಲಿಲ್ಲ.

ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ.

"ಉಸರು ಒಳಗ ತಗೊಳ್ಳುವಾಗ ಎಲ್ಲಾನೂ ಬೇಕನಸ್ತದ. ಪೂರಾ ಬಿಟ್ಟ ಮ್ಯಾಲೆ ಒಂದು ಖಾಲಿ ಜಾಗಾ ಸಿಗ್ತದ ನೋಡು, ಅಲ್ಲಿ ಕೇಳ್ಕೋಬೇಕು. ಇದು ನನಗ ಬೇಕೋ, ನನ್ನ ಕಣ್ಣಿಗೆ ಬೇಕೋ? ಇದನ್ನ ನಾ ಒಯ್ದರ ಯಾರಿಗರೆ ಕಡಿಮಿ ಬೀಳ್ತದೇನು? ಅಷ್ಟ. ಭಾಳ ದೊಡ್ಡದೇನಲ್ಲ."

ಕೇಳಲು ದೊಡ್ಡದಲ್ಲದ್ದು ಮಾಡಲು ಎಷ್ಟು ದೊಡ್ಡದು ಎಂಬುದನ್ನು ನಾವು ತಪ್ಪು ಮಾಡಿಯೇ ಕಲಿತೆವು. ಸಂಕ್ರಾಂತಿಯ ಮುಂಚೆ ಬಳೆಗಾರ್ತಿ ಬುಟ್ಟಿ ಹೊತ್ತು ವಾಡೆಗೆ ಬಂದಳು. ವರ್ಷವೂ ಬರುವವಳು, ಅವಳು ಬಂದರೆ ನಡುವಿನ ಚೌಕದಲ್ಲಿ ಹಬ್ಬ. ಆ ಸಲ ಪಡಸಾಲೆಯ ಪಾಠದ ಹೆಂಗಸರೆಲ್ಲ ಸಾಲಾಗಿ ನಿಂತು ಉಸಿರು ಬಿಟ್ಟರು, ಸಾಲಾಗಿ ಬೇಡವೆಂದರು. ಕೈಯಲ್ಲಿ ಬಳೆಗಳಿವೆ, ಇನ್ನೇಕೆ? ಎಲ್ಲರ ಮುಖದಲ್ಲೂ ದೊಡ್ಡ ತಪಸ್ಸು ಮಾಡಿದ ಕಳೆ. ಬಳೆಗಾರ್ತಿ ಬಿಚ್ಚಿದ ಬುಟ್ಟಿಯನ್ನು ಮತ್ತೆ ಕಟ್ಟತೊಡಗಿದಳು. ಅಷ್ಟರಲ್ಲಿ ಶಾಲೆಯಿಂದ ಬಂದ ಅಕ್ಕೋರು ಸಂಗತಿ ತಿಳಿದು ಕೆಂಪಾದರು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಬ್ಯಾಡ ಅನ್ನೂದೂ ಒಂದು ಚಟಾನ ಆಗ್ತದ, ತಿಳೀತೇನು? ಆಕಿ ಗಾಜು ಹೊತಗೊಂಡು ಊರೆಲ್ಲಾ ತಿರಗ್ಯಾಳ. ವರ್ಷಕ್ಕೊಮ್ಮೆ ನಿಮ್ಮನ್ನ ನಂಬಿ ಬರ್ತಾಳ. ನಿಮ್ಮ ವೈರಾಗ್ಯಕ್ಕ ಆಕಿ ಮನಿ ಒಲಿ ಆರಬೇಕೇನು?"

ಹಾಗೆಂದು ಚೌಕದ ನಡುವೆ ಕೂತು ತಮ್ಮ ಕೈಯನ್ನೇ ಮುಂದೆ ಚಾಚಿದರು. ಎಂದೂ ತುಂಬ ಬಳೆ ಇಟ್ಟವರಲ್ಲ. ಬಳೆಗಾರ್ತಿ ಹಸಿರು ಬಳೆ ಏರಿಸುತ್ತ, "ಬಾಯೀಂಚ ಲಗ್ನ ಠರಲ ವಾಟತ," ಎಂದು ಛೇಡಿಸಿದಳು. ಬಾಯಿಯವರಿಗೆ ಮದುವೆ ಗೊತ್ತಾದಂತಿದೆ! ಅಕ್ಕೋರೇ ಮೊದಲು ನಕ್ಕರು. ಆಮೇಲೆ ನಾವೆಲ್ಲ ಕೈ ಚಾಚಿ ಕೂತೆವು.

ಅವರು ಬೇಡವೆಂದರೆ ಎಷ್ಟು ಗಟ್ಟಿ ಎಂಬುದನ್ನು ನಮ್ಮ ಅಣ್ಣ ಕಂಡ. ಯುದ್ಧದ ಕಡೆಯ ವರ್ಷಗಳವು. ಸಕ್ಕರೆ, ಸೀಮೆ ಎಣ್ಣೆ, ಅರಿವೆ ಎಲ್ಲವೂ ರೇಶನ್. ಅಂಗಡಿಯ ಮುಂದಿನ ಬಾಗಿಲಲ್ಲಿ ಇಲ್ಲದ್ದು ಹಿಂದಿನ ಬಾಗಿಲಲ್ಲಿ ಇರುತ್ತಿತ್ತು. ದೀಪಾವಳಿಗೆ ಅಣ್ಣ ಎಲ್ಲಿಂದಲೋ ಸಕ್ಕರೆ ತಂದ, ವೈನಿ ರವೆ ಉಂಡಿ ಕಟ್ಟಿದಳು. ಫರಾಳದ ತಿಂಡಿಗೆಂದು ಕರೆದಾಗ ಅಕ್ಕೋರು ಬಂದರು. ಚಕ್ಕಲಿ ತಿಂದರು, ಅವಲಕ್ಕಿ ತಿಂದರು. ಉಂಡಿಯನ್ನು ತಟ್ಟೆಯ ಅಂಚಿಗೆ ಸರಿಸಿದರು.

ಅಣ್ಣ ಸುಮ್ಮನಿರುವವನಲ್ಲ. "ಯಾಕ್ರಿ ಅಕ್ಕೋರ, ಸಕ್ರಿ ಏನು ಪಾಪ ಮಾಡ್ಯದ?"

"ಸಕ್ರಿ ಏನೂ ಮಾಡಿಲ್ರಿ. ಅದು ಬಂದ ದಾರಿ ಕೇಳಿದ್ರ ನೀವು ಹೇಳೂದಿಲ್ಲ. ಹೌದಲ್ಲೊ?"

"ಎಲ್ಲಾರೂ ತಗೋತಾರ್ರಿ. ನಾ ಒಬ್ಬಾಂವ ಬಿಟ್ಟರ ಯುದ್ಧ ನಿಂದರ್ತದೇನು?"

"ಯುದ್ಧ ನಿಲ್ಲೂದಿಲ್ಲ. ನನಗ ನಿದ್ದಿ ಬರ್ತದ," ಎಂದು ಅಕ್ಕೋರು ವೈನಿಯ ಕಡೆ ತಿರುಗಿದರು. "ನಿನ್ನ ಕೈ ರುಚಿಗೆ ನಾ ಬ್ಯಾಡ ಅಂದಿಲ್ಲ ನಮ್ಮವ್ವ. ಇನ್ನೆರಡು ಚಕ್ಕಲಿ ಕೊಡು." ಕೊಟ್ಟದ್ದಷ್ಟನ್ನೂ ತಿಂದೇ ಎದ್ದರು. ಅವರು ಹೋದ ಮೇಲೆ ಅಣ್ಣ, "ಹಟಮಾರಿ ಮುದುಕಿ," ಎಂದ. ಉಂಡಿ ತಾನೂ ಒಂದಕ್ಕೇ ನಿಲ್ಲಿಸಿದ.

ಇನ್ನು ಆ ದಿನದ ವಿಷಯ. ಅದನ್ನು ಬರೆಯದೆ ಅಕ್ಕೋರನ್ನು ಬರೆಯಲಾಗುವುದಿಲ್ಲ. 

ವೈನಿ ಬಸುರಿ. ಏಳನೆಯ ತಿಂಗಳು. ಕೂಸಿಗೆ ಮೆತ್ತನೆಯ ಮಲ್ಮಲ್ ಬೇಕು. ಮನೆಯಲ್ಲಿ ಹರಿದು ಹಾಸಲು ಹಳೆಯ ಸೀರೆಯೂ ಉಳಿದಿರಲಿಲ್ಲ, ಹಳೆಯದನ್ನೇ ನಾವೆಲ್ಲ ಉಡುತ್ತಿದ್ದೆವು. ಅಕ್ಕೋರ ಹತ್ತಿರ ಇದ್ದದ್ದು ಎರಡೇ ಸೀರೆ. ಹೊಲಿಗೆ ಕಲಿಸುವವರಾದ್ದರಿಂದ ತೇಪೆ ಅಂದವಾಗಿರುತ್ತಿತ್ತು, ಆದರೆ ಹೆಗಲ ಮೇಲಿನ ತೇಪೆಯ ಮೇಲೆ ಇನ್ನೊಂದು ತೇಪೆ ಬಿದ್ದದ್ದು ಪೇಠದ ಎಲ್ಲರ ಕಣ್ಣಿಗೂ ಬಿದ್ದಿತ್ತು. ಶಾಲೆಯಲ್ಲಿ ಹುಡುಗಿಯರ ಮುಂದೆ ಕೈ ಮೇಲೆತ್ತಿ ಡ್ರಿಲ್ಲು ಮಾಡಿಸಬೇಕಾದವರಿಗೆ ಅದು ಸಣ್ಣ ಸಂಕಟವಲ್ಲ. ಅಂಗಡಿಗೆ ಅರಿವೆ ಬಂದಿದೆ ಎಂಬ ಸುದ್ದಿ ಮಧ್ಯಾಹ್ನ ಗಲ್ಲಿಗೆ ಬಂದಾಗ ಮೂವರೂ ಕೂಡಿಯೇ ಹೊರಟೆವು.

ಅಂಗಡಿ ಒಂದು ಹಳೆಯ ವಾಡೆಯ ಮಹಡಿಯ ಮೇಲೆ. ಗಲ್ಲಿಯಿಂದ ನೇರ ಮೇಲೇರುವ ಇಕ್ಕಟ್ಟಾದ ಮರದ ಮೆಟ್ಟಿಲು. ಒಂದು ಬದಿ ಗೋಡೆ, ಇನ್ನೊಂದು ಬದಿ ಕಟಕಟೆ, ಅದರಾಚೆ ಕೆಳಗೆ ಕಲ್ಲುಹಾಸಿನ ಅಂಗಳ. ಮೆಟ್ಟಿಲ ತುಂಬ ಹೆಂಗಸರು. ಅಕ್ಕೋರು ನಮಗಿಂತ ಮುಂದಿದ್ದರು. ಅವರು ಮೇಲೆ ತಲುಪಿ ಒಳಗೆ ಹೋದಾಗ ವೈನಿ ಮತ್ತು ನಾನು ಮೆಟ್ಟಿಲ ನಡುವೆ ಇದ್ದೆವು.

ಒಳಗಿನಿಂದ ಅಂಗಡಿಯ ಆಳು ಕೂಗಿದ: "ಮಾಲು ಮುಗಿಯುತ್ತ ಬಂತು, ಬೇಗ ಬೇಗ!"

ಆತ ಕೂಗಬಾರದಿತ್ತು. ಆ ಮಾತು ಮೆಟ್ಟಿಲಿಳಿದು ಗಲ್ಲಿಯ ತುದಿ ಮುಟ್ಟಿದ್ದೇ ತಡ, ಕೆಳಗಿನಿಂದ ನೂಕು ಬಂತು. ಯಾರೊಬ್ಬರೂ ನೂಕಲಿಲ್ಲ, ಎಲ್ಲರೂ ತುಸು ಮುಂದೆ ವಾಲಿದರು, ಅಷ್ಟೇ. ಮೇಲಿನವರು ಮುಂದೆ ಸರಿಯುವಂತಿರಲಿಲ್ಲ. ನಡುವೆ ನಾವು. ನಾನು ವೈನಿಯನ್ನು ಗೋಡೆಗೆ ತಿರುಗಿಸಿ, ಅವಳ ಎರಡೂ ಬದಿಗೆ ಕೈಯೂರಿ ಕಮಾನಿನಂತೆ ನಿಂತೆ. ಕೈಗಳು ಮೊಣಕೈಯಲ್ಲಿ ಮಡಚಿಕೊಳ್ಳತೊಡಗಿದವು. ಉಸಿರು ಬಿಡಬಹುದಿತ್ತು, ಮತ್ತೆ ಎಳೆದುಕೊಳ್ಳಲು ಜಾಗವಿರಲಿಲ್ಲ. ಕಟಕಟೆ ಲಟ್ಟೆಂದಿತು. ಒಂದು ಮರದ ಕಂಬಿ ಕಿತ್ತು ಕೆಳಗಿನ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿಸಿತು. ವೈನಿ ಚೀರಲಿಲ್ಲ. ಗೋಡೆಗೆ ಕೆನ್ನೆಯೊತ್ತಿ ಮೆಲ್ಲಗೆ, "ಹೊಟ್ಟಿ… ಹೊಟ್ಟಿ ನೋಡವಾ," ಎಂದಳು. ಈ ಕ್ಷಣವೇ ನನಗೆ ಮರಳಿ ಮರಳಿ ಬರುವುದು. ಇಲ್ಲಿಂದ ಮುಂದೆ ನಡೆದದ್ದು ಬರುವುದಿಲ್ಲ. ಅದನ್ನು ನಾನು ಕರೆದುಕೊಂಡು ಬರಬೇಕು.

ಮುಂದಿನದು ಒಳಗೆ ನಡೆದದ್ದು. ಮಾತೆಲ್ಲ ಮರಾಠಿಯಲ್ಲಿ, ಅಕ್ಕೋರೂ ಆಗ ಒಳಗಿದ್ದ ನೆರೆಯವಳೂ ಆಮೇಲೆ ಹೇಳಿದ್ದರಿಂದ ನನಗೆ ಗೊತ್ತು. ಅಕ್ಕೋರು ರೇಶನ್ ಕೂಪನ್ ತೋರಿಸಿಯಾಗಿತ್ತು, ಮಡಿಸಿದ ಸೀರೆ ಕೈಗೆ ಬಂದಾಗಿತ್ತು. ಆಗ ಕಟಕಟೆ ಮುರಿದ ಸದ್ದು. ಮೆಟ್ಟಿಲ ಕಡೆ ಇಣುಕಿ ನೋಡಿ ಅವರು ವ್ಯಾಪಾರಿಗೆ ಹೇಳಿದರು: "ಮಾರಾಟ ನಿಲ್ಲಿಸಿ. ಗಂಟುಗಳನ್ನು ಕೆಳಗಿನ ಅಂಗಳಕ್ಕೆ ತನ್ನಿ."

ವ್ಯಾಪಾರಿ ಹೆದರಿದ್ದ. ಹೆದರಿಕೆಯಲ್ಲಿ ಅವನಿಗೆ ಹೊಳೆದದ್ದು ಒಂದೇ: "ಬಾಯಿ, ನಿಮ್ಮದು ಆಯಿತಲ್ಲ? ಹಿಂದೆ ಇನ್ನೊಂದು ಮೆಟ್ಟಿಲಿದೆ. ನೀವು ಆ ಕಡೆಯಿಂದ ಹೋಗಿಬಿಡಿ."

ಅಕ್ಕೋರು ಸೀರೆಯನ್ನು ಗಾದಿಯ ಮೇಲೆ ಇಟ್ಟರು. "ಇದನ್ನು ಹಿಡಿದುಕೊಂಡು ಹೊರಗೆ ನಿಂತು ಹಿಂದೆ ಸರಿಯಿರಿ ಎಂದರೆ ಯಾರು ಕೇಳುತ್ತಾರೆ? ಇದೂ ಕೆಳಗೇ ಬರಲಿ. ಆ ಹಿಂದಿನ ಮೆಟ್ಟಿಲಿಂದ ಇಳಿಸಿ." ಅವನ ಉತ್ತರಕ್ಕೆ ಕಾಯದೆ ಗಲ್ಲಿಯ ಮೇಲಿನ ಗ್ಯಾಲರಿಗೆ ಬಂದು ನಿಂತರು.

ನಾನು ಕೇಳಿದ್ದು ಧ್ವನಿಯನ್ನು. ಆಟದ ಮೈದಾನದ ಕೊನೆಯ ಸಾಲಿಗೆ ಮುಟ್ಟುವ ಡ್ರಿಲ್ಲಿನ ಧ್ವನಿ. ಗಲ್ಲಿಯಲ್ಲಿದ್ದವರು ಕಂಡದ್ದು ಎರಡು ಕೈಗಳನ್ನು. ತೇಪೆಯ ಹೆಗಲಿನಿಂದ ಮೇಲೆ ಚಾಚಿದ, ಬೆರಳು ಬಿಡಿಸಿದ ಎರಡು ಬರಿಗೈಗಳು.

"ನೋಡಿ! ನಾನೂ ತಗೊಂಡಿಲ್ಲ. ಮೇಲೆ ಯಾರಿಗೂ ಕೊಡುತ್ತಿಲ್ಲ. ಅರಿವೆ ಕೆಳಗೆ ಬರುತ್ತದೆ. ಎಲ್ಲರಿಗಿಂತ ಹಿಂದಿರುವವರು ಮೊದಲು ಕೂಡ್ರಿ. ಗಲ್ಲಿಯಲ್ಲೇ ಕೂಡ್ರಿ!"

ಬೇರೆ ಯಾರಾದರೂ ಹೇಳಿದ್ದರೆ ಜನ ನಂಬುತ್ತಿರಲಿಲ್ಲ. ಆ ಹೆಗಲನ್ನು ಬಲ್ಲವರೆಲ್ಲ ನಂಬಿದರು. ಸೀರೆ ಬೇಕೇ ಬೇಕಾದಾಕೆಯೇ ಬರಿಗೈಯಲ್ಲಿ ನಿಂತಿದ್ದರೆ ಮೇಲೆ ಹತ್ತಿ ಪ್ರಯೋಜನವೇನು? ಜೊತೆಗೆ, ಆ ಗಲ್ಲಿಯಲ್ಲಿದ್ದ ಎಷ್ಟೋ ಹೆಂಗಸರು ಹುಡುಗಿಯರಾಗಿದ್ದಾಗ ಆ ಧ್ವನಿಗೆ ಕೂತವರು, ಎದ್ದವರು. ಅಕ್ಕೋರು ಒಬ್ಬೊಬ್ಬರದೇ ಹೆಸರು ಹಿಡಿದು ಗದರಿಸಿದರು. ಕೊನೆಯ ಸಾಲಿನಲ್ಲಿ ಯಾರೋ ಕೂತರು. ಯಾರೋ ನಕ್ಕರು. ಮತ್ತೊಂದಿಷ್ಟು ಜನ ಕೂತರು. ಅವರ ಮುಂದಿನವರಿಗೆ ಹಿಂದೆ ಸರಿಯಲು ಜಾಗವಾಯಿತು, ಅವರ ಮುಂದಿನವರಿಗೆ ಮೆಟ್ಟಿಲಿಳಿಯಲು ಜಾಗವಾಯಿತು. ನನ್ನ ಬೆನ್ನ ಮೇಲಿನ ಭಾರ ಮೊದಲು ಸೊಂಟದಿಂದ, ಆಮೇಲೆ ಹೆಗಲಿನಿಂದ ಇಳಿಯಿತು. ಎದೆಯೊಳಗೆ ಗಾಳಿ ಬಂದಾಗ ನೋವಾಯಿತು.

ವೈನಿಯನ್ನು ಅಂಗಳಕ್ಕೆ ಇಳಿಸಿ ಕೂಡಿಸಿದೆವು. ಯಾರೋ ನೀರು ಕೊಟ್ಟರು. ಅವಳು ಎರಡೂ ಕೈ ಹೊಟ್ಟೆಯ ಮೇಲಿಟ್ಟು ತಲೆ ಬಗ್ಗಿಸಿ ಕೂತಿದ್ದಳು. ಬಹಳ ಹೊತ್ತಿನ ಮೇಲೆ ನನ್ನ ಕೈ ಹಿಡಿದು ಒಂದು ಕಡೆ ಇಟ್ಟಳು. ಒಳಗಿನಿಂದ ಒದೆ ಬಿತ್ತು. ಇಬ್ಬರೂ ಅತ್ತೆವು.

ಅರಿವೆಯ ಗಂಟುಗಳು ಕೆಳಗೆ ಬಂದವು. ಸಾಲಿನ ಹೆಂಗಸರು ಬಸುರಿಗೆ ಮೊದಲು ಕೊಡಿ ಎಂದರು. ವೈನಿಗೆ ಮಲ್ಮಲ್ ಸಿಕ್ಕಿತು. ಅಕ್ಕೋರು ಎಲ್ಲರಿಗಿಂತ ಕೊನೆಗೆ ಹೋಗಿ ಕೂತಿದ್ದರು. ಮುಂದೆ ಬನ್ನಿ, ನಿಮ್ಮ ಸರದಿ ಆಗಲೇ ಬಂದಿತ್ತಲ್ಲ ಎಂದು ನಾನು ಜಗ್ಗಿದರೆ ಕೈ ಬಿಡಿಸಿಕೊಂಡರು.

"ನಾ ಮುಂದ ಹೋದ್ರ ಇಷ್ಟೊತ್ತು ಹೇಳಿದ್ದೆಲ್ಲಾ ಸುಳ್ಳಾಗ್ತದ. ಸುಮ್ಮನ ಕೂಡು."

ಅವರ ತನಕ ಬರುವ ಮೊದಲೇ ಅರಿವೆ ಮುಗಿಯಿತು. ಅವರು ಎದ್ದು ಸೀರೆಯ ಧೂಳು ಝಾಡಿಸಿಕೊಂಡು ವ್ಯಾಪಾರಿಯ ಹತ್ತಿರ ಹೋದರು. ತಮ್ಮ ಸೀರೆಯ ಮಾತೆತ್ತಲಿಲ್ಲ. ಇನ್ನು ಮುಂದೆ ಮಾಲು ಬಂದಾಗಲೆಲ್ಲ ಕೆಳಗೇ ಮಾರಬೇಕು, ಕೂಡಿಸಿಯೇ ಮಾರಬೇಕು ಎಂದು ಮಾತು ತೆಗೆದುಕೊಂಡು ಬಂದರು.

ಮರುದಿನ ಆ ವ್ಯಾಪಾರಿ ನಮ್ಮ ವಾಡೆಗೆ ಒಂದು ಸೀರೆ ತಂದ, ಕೂಪನ್ ಕೇಳದೆ ಕೊಡಲು. ಕೆಂಪಂಚಿನ ಒಳ್ಳೆಯ ಸೀರೆ. ಅಕ್ಕೋರು ಅವನಿಗೆ ಚಹಾ ಕೊಟ್ಟು, ಸೀರೆಯನ್ನು ಅವನ ಜೊತೆಗೇ ಕಳಿಸಿದರು. ಅವನು ಹೋದ ಮೇಲೆ ನಾನು ಕೇಳಿದೆ: "ನಿನ್ನೆ ಅಷ್ಟು ಧೈರ್ಯ ಎಲ್ಲಿಂದ ಬಂತ್ರಿ ಅಕ್ಕೋರ?"

"ಧೈರ್ಯ ಎಲ್ಲಿದವಾ? ಆ ಸೀರಿ ನನಗ ಭಾಳ ಬೇಕಾಗಿತ್ತು. ಇಡಬೇಕಂತ ಉಸರು ಬಿಟ್ಟೆ, ಕೈ ಬಿಡಲಿಲ್ಲ. ಮತ್ತೊಮ್ಮೆ ಬಿಟ್ಟೆ. ಆಗ ಬಿಡ್ತು." ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ಇಷ್ಟು ವರ್ಷ ಬದನಿಕಾಯಿ ಹಿಡಕೊಂಡು ನಿಂತಿದ್ದಿಲ್ಲ ಅಂದ್ರ ನಿನ್ನೆ ಹಿಂದಿನ ಬಾಗಲಾನ ಗತಿ ಆಗ್ತಿತ್ತು ನೋಡು ನನಗ."

ಅಂದಿನಿಂದ ಅಣ್ಣ ಕಳ್ಳ ಸಕ್ಕರೆ ತರುವುದನ್ನು ಬಿಟ್ಟ ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೂ ತಂದ. ಆದರೆ ಮೊದಲು ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಇಡುತ್ತಿದ್ದವನು ಹಿಂದೆ ಇಡತೊಡಗಿದ. ಅಕ್ಕೋರಿಗೆ ಇದನ್ನು ಹೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇರ್ಲಿ, ಒಂದು ಮೆಟ್ಟಲ ಏರ್ಯಾನ," ಎಂದರು.

ಯುದ್ಧ ಮುಗಿದರೂ ಅರಿವೆಯ ಕಂಟ್ರೋಲು ಮುಗಿದಿಲ್ಲ. ಅಕ್ಕೋರ ಸುದ್ದಿ ಬಂದ ಮರುದಿನ ವೈನಿಯ ಮಗಳನ್ನು ಎತ್ತಿಕೊಂಡು ನಾನು ಆ ಅಂಗಡಿಗೆ ಹೋದೆ. ಮೆಟ್ಟಿಲ ಬಾಗಿಲಿಗೆ ಅಡ್ಡ ಹಲಗೆ ಬಡಿದಿದ್ದಾರೆ. ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿಪಲ್ಲೆ ಸೋಸುತ್ತ, ಅತ್ತೆಯರನ್ನು ಬೈಯುತ್ತ ಕಾಯುತ್ತಿದ್ದರು. ಊರಿಗೆ ಹೊಸಬಳಂತೆ ಕಂಡ ಒಬ್ಬಾಕೆ ಮಾತ್ರ ಮುಂದೆ ಇಣುಕುತ್ತ ನಿಂತಿದ್ದಳು. ನನ್ನ ಪಕ್ಕದ ಮುದುಕಿ ಅವಳ ಸೆರಗು ಜಗ್ಗಿ ಮರಾಠಿಯಲ್ಲಿ ಹೇಳಿದಳು, "ಕೂಡಮ್ಮಾ. ಇಲ್ಲಿ ಕೂತೇ ತಗೋಬೇಕು."

"ಇದು ಯಾರು ಮಾಡಿದ ನೇಮ?"

"ಯಾರು ಮಾಡ್ತಾರೆ? ಈ ಅಂಗಡಿಯಲ್ಲಿ ಮೊದಲಿನಿಂದಲೂ ಹೀಗೇ."

"ಮೊದಲಿನಿಂದ ಅಲ್ಲ," ಎಂದೆ ನಾನು. ನನ್ನ ಧ್ವನಿ ನನಗೇ ಜೋರಾಗಿ ಕೇಳಿಸಿತು. ಮುಂದಿನವರೂ ತಿರುಗಿ ನೋಡಿದರು. ಹೇಳತೊಡಗಿದೆ. ಮೆಟ್ಟಿಲಿನ ಭಾಗ ಬಂದಾಗ ಹಲಗೆ ಬಡಿದ ಬಾಗಿಲನ್ನು ತೋರಿಸಿ ಹೇಳಿದೆ. ಗ್ಯಾಲರಿಯ ಭಾಗ ಹೇಳುವಾಗ ನನಗರಿವಿಲ್ಲದೆ ಕುತ್ತಿಗೆ ನೇರವಾಗಿತ್ತು. ಸಾಲು ಮುಂದೆ ಸಾಗಿದಂತೆ ನಾವೆಲ್ಲ ಕೂತಲ್ಲಿಂದಲೇ ಸರಿಯುತ್ತ ಹೋದೆವು.

"ಕೊನೆಗೆ ಆ ಬಾಯಿಗೆ ಸೀರೆ ಸಿಕ್ಕಿತೇನು?" ಎಂದು ಮುದುಕಿ ಕೇಳಿದಳು.

"ಇಲ್ಲ," ಎಂದೆ. ತೊಡೆಯ ಮೇಲೆ ನಿಲ್ಲಲು ಹವಣಿಸುತ್ತಿದ್ದ ಮಗುವನ್ನು ಅವಳ ಕಡೆ ತಿರುಗಿಸಿದೆ. "ನಮಗೆ ಇವಳು ಸಿಕ್ಕಳು."